ಮಸೀದಿಯೊಳಗಿದ್ದ ಪ್ರವಾಸಿ ಬಂಗಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮ್ಮ ಮನೆಗಳಲ್ಲಿ ಬಿಜಾಪುರಕ್ಕೆ ಹೋಗುವುದೆಂದರೆ ದವಾಖಾನೆ, ಕೋರ್ಟು ಅಥವಾ ಮದುವೆಯ ಬಟ್ಟೆ. ಗೋಳಗುಮ್ಮಟದ ನೆನಪಾಗುವುದು ಬೇರೆ ಊರಿನ ನೆಂಟರು ಬಂದಾಗ ಮಾತ್ರ. ಇಂಡಿ ರೋಡಿನಲ್ಲೋ ಬಸವನ ಬಾಗೇವಾಡಿ ರೋಡಿನಲ್ಲೋ ರೈಲು ಹತ್ತಿದರೆ ಇಳಿಯುವ ಮೊದಲೇ ಗುಮ್ಮಟ ಕಾಣುತ್ತದೆ. ಟಿಕೆಟ್ ತೆಗೆಸಿ ಒಳಗೆ ಹೋದವರು ಮಕ್ಕಳ ಅವಸರಕ್ಕೆ ನೇರವಾಗಿ ಮೂಲೆಯ ಮಿನಾರಿನ ಮೆಟ್ಟಿಲು ಹತ್ತಿ, ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ, ಇಳಿದು ಬಂದುಬಿಡುತ್ತಾರೆ. ಗುಮ್ಮಟದ ಪಶ್ಚಿಮಕ್ಕೆ, ಅದೇ ಜಗಲಿಯ ಮೇಲೆ ಇರುವ ಮಸೀದಿಯ ಕಡೆ ಹೊರಳಿ ನೋಡುವವರು ಕಡಿಮೆ. ಆ ಮಸೀದಿ ಒಂದು ಕಾಲದಲ್ಲಿ ಪ್ರವಾಸಿಗಳು ಉಂಡು ಮಲಗುವ ಬಂಗಲೆಯಾಗಿತ್ತು.

ಇದು ಹೇಗಾಯಿತೆಂದು ತಿಳಿಯಬೇಕಾದರೆ, ಹೊರಗಿನಿಂದ ಬಂದವರನ್ನು ಈ ನಗರ ಮೊದಲು ಹೇಗೆ ನೋಡಿಕೊಳ್ಳುತ್ತಿತ್ತು ಎಂಬಲ್ಲಿಂದ ಶುರು ಮಾಡಬೇಕು.

ಆದಿಲ್ ಶಾಹಿಗಳ ಕಾಲದಲ್ಲಿ 'ಪ್ರವಾಸಿ' ಎಂಬ ಮಾತಿರಲಿಲ್ಲ, ಮುಸಾಫಿರ ಇದ್ದ. ದಾರಿಹೋಕ ನಮ್ಮ ದೀನಿನಲ್ಲಿ ಸಣ್ಣವನಲ್ಲ. ಜಕಾತ್ ಸಲ್ಲಬೇಕಾದ ಎಂಟು ವರ್ಗಗಳಲ್ಲಿ ಅವನೂ ಒಬ್ಬ. ಅವನಿಗೆ ನಮಾಜಿನಲ್ಲಿ, ರೋಜಾದಲ್ಲಿ ರಿಯಾಯಿತಿ ಉಂಟು. ಬಿಜಾಪುರಕ್ಕೆ ಇರಾನ್, ಅರಬಸ್ತಾನ, ಹಬಶ್ ಕಡೆಗಳಿಂದ ವ್ಯಾಪಾರಿಗಳು, ಆಲಿಮರು, ಸೂಫಿಗಳು, ಸಿಪಾಯಿಗಳು ಬರುತ್ತಲೇ ಇದ್ದರು. 1565ರಲ್ಲಿ, ನಮ್ಮ ಮುದ್ದೇಬಿಹಾಳ ಸೀಮೆಯ ತಾಳಿಕೋಟೆಯ ಹೆಸರು ಹೊತ್ತ ಯುದ್ಧ ನಡೆದ ವರ್ಷವೇ, ಒಂದನೆಯ ಅಲಿ ಆದಿಲ್ ಶಾಹ ನಗರದ ಸುತ್ತ ಸುಮಾರು ಹತ್ತು ಕಿಲೋಮೀಟರಿನ ಕೋಟೆಗೋಡೆ ಮುಗಿಸಿದ. ಒಳಗೆ ಜನ ಹೆಚ್ಚಿದರು. ಈ ಒಣ ಸೀಮೆಯಲ್ಲಿ ಅವರಿಗೆಲ್ಲ ನೀರು ಎಲ್ಲಿಂದ ತರಬೇಕು? ಬೇಸಿಗೆಯಲ್ಲಿ ಟ್ಯಾಂಕರ್ ಕಾದು ನಿಂತ ನಮಗೆ ಈ ಪ್ರಶ್ನೆಯ ತೂಕ ಗೊತ್ತು.

ಪಶ್ಚಿಮದ ತೊರವಿ ಕಡೆಯಿಂದ ನೆಲದೊಳಗೆ ಸುರಂಗ ತೋಡಿ ನೀರು ತಂದರು. 1651ರಲ್ಲಿ ದಕ್ಷಿಣಕ್ಕೆ ಬೇಗಂ ತಾಲಾಬ್ ಕಟ್ಟಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದರು. ಕೊಳವೆ ಒತ್ತಡಕ್ಕೆ ಒಡೆಯಬಾರದೆಂದು ನಡುನಡುವೆ ಗೋಪುರ ನಿಲ್ಲಿಸಿದರು. ಅವೇ 'ಗಂಜ್'ಗಳು, ಕೆಲವು ಇವತ್ತಿಗೂ ನಿಂತಿವೆ. ಬಹಳ ಜನ ಅವನ್ನು ಕಾವಲುಗೋಪುರವೆಂದೇ ತಿಳಿದಿದ್ದಾರೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ತಾಜ್ ಬಾವಡಿ. 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬೇಗಂ ತಾಜ್ ಸುಲ್ತಾನಾ ಹೆಸರಿನಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಬಾವಿ ಇದು. ಇಬ್ರಾಹಿಂ ರೋಜಾ ಕೂಡ ಅವನದೇ ಕೆಲಸ. ಬಾವಿ ಒಂದೊಂದು ಬದಿಗೆ ಇನ್ನೂರು ಅಡಿಗೂ ಮಿಗಿಲು, ಸುಮಾರು ಐವತ್ತು ಅಡಿ ಆಳ. ಅದರ ಪೂರ್ವ, ಪಶ್ಚಿಮದ ಸಾಲುಕೋಣೆಗಳನ್ನು ದಾರಿಹೋಕರು ತಂಗಲಿಕ್ಕೆಂದೇ ಕಟ್ಟಿದ್ದರು. ಊರಿಗೆ ಬಂದವನಿಗೆ ಮೊದಲು ಬೇಕಾದದ್ದು ನೀರು, ಆಮೇಲೆ ನೆರಳು, ಆಮೇಲೆ ನಿದ್ದೆಗೆ ಜಾಗ. ಮೂರೂ ಒಂದೇ ಕಡೆ. ನಗರದಲ್ಲಿ ಮುಸ್ತಫಾ ಖಾನ್ ಕಟ್ಟಿಸಿದ ದೊಡ್ಡ ಸರಾಯಿಯೂ ಇತ್ತು. ಮಸೀದಿಗೆ ಮಸೀದಿಯ ಕೆಲಸ, ಸರಾಯಿಗೆ ಸರಾಯಿಯ ಕೆಲಸ.

1686ರಲ್ಲಿ ಔರಂಗಜೇಬನಿಗೆ ನಗರ ವಶವಾಯಿತು. ಯುದ್ಧದ ಹಿಂದೆಯೇ ಪ್ಲೇಗು ಬಂತು, ಜನ ಖಾಲಿಯಾದರು. ಕೊಳವೆಗಳು ಹೂತುಹೋದವು. 1848ರಲ್ಲಿ ಸಾತಾರಾ ಸಂಸ್ಥಾನದ ಜೊತೆಗೆ ಬಿಜಾಪುರ ಬ್ರಿಟಿಷರ ಕೈಸೇರುವ ಹೊತ್ತಿಗೆ ಬಹುಭಾಗ ಪಾಳುಬಿದ್ದ ಅರಮನೆ, ಮಸೀದಿ, ಜಾಲಿಗಿಡ.

1884ರಲ್ಲಿ ರೈಲು ಬಂತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ವರ್ಗವಾಯಿತು. ಹೊಸ ಕಚೇರಿ ಕಟ್ಟುವ ಖರ್ಚು ಯಾಕೆಂದು ಸರ್ಕಾರ ಇದ್ದ ಕಟ್ಟಡಗಳನ್ನೇ ಹಂಚಿಕೊಂಡಿತು. ಅದಾಲತ್ ಮಹಲು ಕಲೆಕ್ಟರರ ಮನೆಯಾಯಿತು, ಚೀನಿ ಮಹಲು ಕಚೇರಿಯಾಯಿತು, ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು, ಮುಸ್ತಫಾ ಖಾನನ ಸರಾಯಿ ಜೈಲಾಯಿತು! ದಾರಿಹೋಕರಿಗೆಂದು ಕಟ್ಟಿದ್ದರಲ್ಲಿ ಕೈದಿಗಳು. ರೈಲಿಳಿದು ಗುಮ್ಮಟ ನೋಡಲು ಬರುವ ಸಾಹೇಬರಿಗೆ ತಂಗಲು ಜಾಗ ಬೇಕಲ್ಲ? ಅದಕ್ಕೆ ಗುಮ್ಮಟದ ಪಕ್ಕದ ಮಸೀದಿಯನ್ನೇ ಡಾಕ್ ಬಂಗಲೆ ಮಾಡಿದರು. ಈ ಊರಿನಲ್ಲಿ ಆಧುನಿಕ ಪ್ರವಾಸೋದ್ಯಮ ತೆರೆದ ಮೊದಲ ವಸತಿಗಳಲ್ಲಿ ಒಂದು ಇದು. ಯಾರ ಊರು, ಯಾರ ಮಸೀದಿ ಎಂದು ಯಾರೂ ಕೇಳಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಅದನ್ನು ಬಿಡಿಸಿದವನೂ ಬ್ರಿಟಿಷನೇ. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್, ಬಿಜಾಪುರದ ಒಂದು ಮಸೀದಿಯಿಂದ ಡಾಕ್ ಬಂಗಲೆಯನ್ನೂ ಇನ್ನೊಂದರಿಂದ ಕಚೇರಿಯ ಕೊಳೆತ ದಫ್ತರಗಳನ್ನೂ ಹೊರಹಾಕಿಸಿದೆನೆಂದು ಹೇಳಿಕೊಂಡಿದ್ದಾನೆ. ಬಂಗಾಳವನ್ನು ಒಡೆದವನೆಂದು ನಾವು ಶಾಲೆಯಲ್ಲಿ ಓದಿದ್ದು ಇದೇ ಕರ್ಜನ್‌ನನ್ನು. ಅವನ ಕಾಲದ 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆಯಲ್ಲಿ, ಸರ್ಕಾರ ನೋಡಿಕೊಳ್ಳುವ ಪ್ರಾರ್ಥನಾ ಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸಬಾರದೆಂಬ ನಿಯಮ ಸೇರಿತು. ಸ್ವತಂತ್ರ ಭಾರತದ 1958ರ ಕಾಯ್ದೆಯ 16ನೇ ಕಲಮು ಅದನ್ನೇ ಮುಂದುವರಿಸಿದೆ. ಅಂದರೆ ಟಿಕೆಟ್ ಕಿಟಕಿಯಲ್ಲಿ ಕೂತ ಪುರಾತತ್ವ ಇಲಾಖೆಗೆ ಕಲ್ಲು ಕಾಯುವ ಹೊಣೆಯ ಜೊತೆಗೆ ಮಸೀದಿಯ ಮರ್ಯಾದೆ ಕಾಯುವ ಹೊಣೆಯೂ ಕಾನೂನಿನಲ್ಲೇ ಇದೆ. ಜಾಮಿಯಾ ಮಸೀದಿಗೆ ಹೋದರೆ ಇದು ಕಣ್ಣಿಗೆ ಕಾಣುತ್ತದೆ: ಅಲ್ಲಿ ಟಿಕೆಟ್ ಇಲ್ಲ, ನಮಾಜು ನಡೆಯುತ್ತದೆ, ಕ್ಯಾಮೆರಾ ಹಿಡಿದವರೂ ಬಂದು ಬಂಗಾರದ ಮಿಹ್ರಾಬ್ ನೋಡಿ ಹೋಗುತ್ತಾರೆ.

ಆದರೆ ಇದೇ ಕಾಯ್ದೆಗೆ ಇನ್ನೊಂದು ಮುಖವಿದೆ, ಅದು ನಮ್ಮವರಿಗೆ ಚೆನ್ನಾಗಿ ತಾಗುತ್ತದೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಹಳೆಯ ಬಿಜಾಪುರದಲ್ಲಿ ಹೆಜ್ಜೆಗೊಂದು ಗುಮ್ಮಟ, ಗಲ್ಲಿಗೊಂದು ಮಸೀದಿ. ಒಂದರ ವೃತ್ತ ಮುಗಿಯುವಲ್ಲಿ ಇನ್ನೊಂದರದು ಶುರು. ಮಗನ ಮದುವೆಗೆ ಒಂದು ಕೋಣೆ ಏರಿಸಬೇಕೆಂದರೆ ಆಗದು. ಸೋರುವ ಮಾಳಿಗೆಯ ದುರಸ್ತಿಗೆ ಕಾನೂನಿನಲ್ಲಿ ಅವಕಾಶ ಇದೆ, ಆದರೆ ಮೊದಲೇ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಇದು ಗೊತ್ತಿಲ್ಲದೆ ಕೆಲಸ ಶುರುಮಾಡಿ ನೋಟಿಸು ಪಡೆದವರೂ ಇದ್ದಾರೆ, ಹೆದರಿ ಸೋರುವ ಮನೆಯಲ್ಲೇ ಕೂತವರೂ ಇದ್ದಾರೆ. ಕಾಯ್ದೆ ಬೇಡವೆಂದು ನಾನು ಹೇಳುವುದಿಲ್ಲ; ಅದಿಲ್ಲದಿದ್ದರೆ ಆ ಮಸೀದಿಯ ಗತಿ ಏನಾಗಿತ್ತೆಂದು ಮೇಲೆ ನೋಡಿದೆವು. ಆದರೆ ಅರ್ಜಿ ಹೇಗೆ ಕೊಡಬೇಕೆಂದು ಮೊಹಲ್ಲಾದಲ್ಲಿ ಕನ್ನಡ, ಉರ್ದುವಿನಲ್ಲಿ ತಿಳಿಸಿಹೇಳುವುದು ಕೂಡ ಸ್ಮಾರಕ ರಕ್ಷಣೆಯ ಕೆಲಸವೇ. ನಮ್ಮ ಜಮಾತುಗಳಲ್ಲಿ ವಕೀಲರಿಗೇನು ಕಡಿಮೆಯಿಲ್ಲ.

ದಖನ್ನಿನ ಸುಲ್ತಾನರ ಸ್ಮಾರಕಗಳ ಜೊತೆ ಬಿಜಾಪುರ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ದಖನ್ನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ಪರದೇಶದವರಿಗೂ ಕೊನೆಗೆ ಕಂಡದ್ದು ಬಾವಡಿಗಳೇ.

ಹೋಗುವವರಿಗೆ ಎರಡು ಮಾತು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ. ಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಲ್ಲಿ ಶುರುವಾದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆದ್ದರಿಂದ ಜುಮಾ ಮುಗಿಸಿ ಹೋದರೆ ಬೀಗ ಕಾಣುತ್ತದೆ. ಗುಮ್ಮಟ ಇಳಿದ ಮೇಲೆ ಪಶ್ಚಿಮದ ಮಸೀದಿಯ ಮೆಟ್ಟಿಲ ಮೇಲೆ ಸ್ವಲ್ಪ ಕೂಡಿರಿ. ಆಮೇಲೆ ಟಾಂಗಾದವನಿಗೆ ತಾಜ್ ಬಾವಡಿಗೆ ನಡೆ ಎಂದು ಹೇಳಿರಿ. ದಾರಿ ಅವನಿಗೆ ಗೊತ್ತಿರುತ್ತದೆ.