‘ಮೆಚ್ಚಿನ ಆಸ್ಪತ್ರೆ’ಯನ್ನು ಮೆಚ್ಚಿದವರಾರು?

ಆರೋಗ್ಯವಿಮೆಯ ಕಾಗದಪತ್ರಗಳಲ್ಲಿ ‘ಪ್ರಿಫರ್ಡ್ ಪ್ರೊವೈಡರ್ ನೆಟ್‌ವರ್ಕ್’ ಎಂಬ ಮಾತೊಂದು ಬಳಕೆಯಲ್ಲಿದೆ. ಮೆಚ್ಚಲ್ಪಟ್ಟ ಚಿಕಿತ್ಸಾಲಯಗಳ ಕೂಟವೆಂದು ಅದರ ತಾತ್ಪರ್ಯ. ಪ್ರಯೋಗವು ಕರ್ಮಣಿಯಾದುದರಿಂದ ಮೆಚ್ಚಿದವರಾರೆಂಬ ಕರ್ತೃಪದವನ್ನು ನಾವೇ ಅಧ್ಯಾಹಾರ ಮಾಡಿಕೊಳ್ಳಬೇಕಾಗಿದೆ. ರೋಗಿಯೇ ಕರ್ತೃವೆಂದು ಮೇಲುನೋಟಕ್ಕೆ ತೋರಬಹುದು. ಈ ಏರ್ಪಾಟಿನ ಚರಿತ್ರೆಯಾದರೋ ಆ ಅನ್ವಯಕ್ಕೆ ಎಡೆಗೊಡುವುದಿಲ್ಲ.

ಇದರ ಮೂಲವಿರುವುದು ಅಮೆರಿಕೆಯಲ್ಲಿ. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ವಿಶ್ವವಿದ್ಯಾಲಯದ ಆಸ್ಪತ್ರೆಯು ಜಸ್ಟಿನ್ ಫೋರ್ಡ್ ಕಿಂಬಾಲರ ಯೋಜನೆಯಂತೆ ಶಾಲೋಪಾಧ್ಯಾಯರಿಂದ ತಿಂಗಳಿಗೆ 50 ಸೆಂಟುಗಳನ್ನು ಪಡೆದು, ವರ್ಷದಲ್ಲಿ 21 ದಿನಗಳ ಆರೈಕೆಯನ್ನು ಒದಗಿಸತೊಡಗಿತು. (ಆರೋಗ್ಯವಿಮೆಯ ಚರಿತ್ರೆಯು ಉಪಾಧ್ಯಾಯರ ಬಡತನದಿಂದ ಆರಂಭವಾದುದು ನಮ್ಮ ವಾಚಕರಿಗೆ ಆಶ್ಚರ್ಯವೆನಿಸಲಾರದು.) ಅಲ್ಲಿ ಇದ್ದುದು ಒಂದೇ ಆಸ್ಪತ್ರೆ, ಆಯ್ಕೆಯ ಮಾತೇ ಇರಲಿಲ್ಲ. ತರುವಾಯ ಹಲವು ಆಸ್ಪತ್ರೆಗಳು ಕೂಡಿದ ಯೋಜನೆಗಳು ಹುಟ್ಟಿದುವು. 1934ರಲ್ಲಿ ಆ ದೇಶದ ವೈದ್ಯಸಂಘವು ತಾನು ಘೋಷಿಸಿದ ಹತ್ತು ತತ್ತ್ವಗಳಲ್ಲಿ, ವೈದ್ಯನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ರೋಗಿಗೆ ಇರತಕ್ಕದ್ದೆಂದು ವಿಧಿಸಿತು. ಈ ಸೂತ್ರದಲ್ಲಿ ರೋಗಿಯ ಹಿತದೊಡನೆ ವೈದ್ಯರ ವರಮಾನದ ರಕ್ಷಣೆಯೂ ಅಡಗಿತ್ತೆಂದೇ ನಮ್ಮ ಅಭಿಪ್ರಾಯ.

ರೋಗಿಯು ಎಲ್ಲಿಗೆ ಹೋದರೂ ಅಲ್ಲಿಯ ವೆಚ್ಚವನ್ನು ವಿಮಾಸಂಸ್ಥೆಯು ತೆರಬೇಕಾದಾಗ ದರವನ್ನು ತಗ್ಗಿಸುವ ಉಪಾಯ ಅದರ ಕೈಯಲ್ಲಿ ಉಳಿಯುವುದಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಆಯ್ದ ಆಸ್ಪತ್ರೆಗಳೊಡನೆ ಮಾತ್ರವೇ ಕರಾರು ಮಾಡಿಕೊಳ್ಳಲು ವಿಮಾಸಂಸ್ಥೆಗಳಿಗೆ ಶಾಸನದ ಮೂಲಕ ಅನುಮತಿಯನ್ನಿತ್ತಿತು. ಆಸ್ಪತ್ರೆಯು ದರವನ್ನಿಳಿಸುವುದು, ಪ್ರತಿಫಲವಾಗಿ ವಿಮಾಸಂಸ್ಥೆಯು ರೋಗಿಗಳನ್ನು ಅತ್ತ ತಿರುಗಿಸುವುದು—ಕರಾರಿನ ಜೀವಾಳವಿದು. ಕೂಟದ ಹೊರಗೆ ಹೋಗುವುದು ನಿಷಿದ್ಧವಲ್ಲ. ಹೋದವನ ಪಾಲಿಗೆ ಬರುವ ವೆಚ್ಚ ಮಾತ್ರ ಹೆಚ್ಚು.

ಭಾರತದಲ್ಲಿ 1986ರಲ್ಲಿ ಬಂದ ಮೆಡಿಕ್ಲೇಮ್ ವಿಮೆಯಲ್ಲಿ ರೋಗಿಯು ಮೊದಲು ಹಣ ತೆತ್ತು ಬಳಿಕ ಮರಳಿ ಪಡೆಯುತ್ತಿದ್ದನು. ಆಮೇಲೆ ವಿಮಾಸಂಸ್ಥೆಯೇ ಆಸ್ಪತ್ರೆಗೆ ನೇರವಾಗಿ ಸಲ್ಲಿಸುವ ನಗದುರಹಿತ ಪದ್ಧತಿಯು ರೂಢಿಗೆ ಬಂದಿತು. 2010ರ ಜುಲೈ ತಿಂಗಳಲ್ಲಿ ಸರ್ಕಾರೀ ಸ್ವಾಮ್ಯದ ನಾಲ್ಕು ವಿಮಾಸಂಸ್ಥೆಗಳು ದೆಹಲಿ, ಮುಂಬಯಿ, ಚೆನ್ನೈ, ಬೆಂಗಳೂರುಗಳಲ್ಲಿ ಚಿಕಿತ್ಸೆಗಳಿಗೆ ನಿಶ್ಚಿತ ದರಗಳನ್ನು ಒಪ್ಪಿದ ಆಸ್ಪತ್ರೆಗಳಿಗೆ ಮಾತ್ರ ಈ ಸೌಕರ್ಯವನ್ನು ಉಳಿಸಿದುವು. ಹೆಸರಾಂತ ದೊಡ್ಡ ಆಸ್ಪತ್ರೆಗಳು ಅನೇಕವು ಹೊರಗುಳಿದುವು. ವಿಮೆಯೇನೂ ರದ್ದಾಗಲಿಲ್ಲ, ಹಣ ಕಟ್ಟಿ ಮರಳಿ ಕೇಳುವ ಹಕ್ಕು ಇದ್ದೇ ಇದ್ದಿತು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ಲಕ್ಷಗಟ್ಟಲೆ ರೂಪಾಯಿಗಳನ್ನು ಹೊಂದಿಸಲಾರದವನಿಗೆ ಆ ಹಕ್ಕಿನಿಂದ ಆಗುವ ಪ್ರಯೋಜನವೆಷ್ಟು? ದರಗಳು ಹತೋಟಿಗೆ ಬರಬೇಕೆಂಬುದು ನ್ಯಾಯವೇ. ಕಂತು ಕಟ್ಟುವವನ ಮೇಲೆಯೇ ಕಡೆಗೆ ಆ ಭಾರ ಬೀಳುವುದು. ಆದರೂ ಕರಾರಿನಲ್ಲಿ ಸಹಿ ಹಾಕಿದ ಇಬ್ಬರಲ್ಲಿ ರೋಗಿಯು ಸೇರಿರಲಿಲ್ಲ.

2024ರ ಜನವರಿಯಲ್ಲಿ ಜನರಲ್ ಇನ್ಷೂರೆನ್ಸ್ ಕೌನ್ಸಿಲ್ ಎಂಬ ವಿಮಾಸಂಸ್ಥೆಗಳ ಮಂಡಲಿಯು ಕೂಟದ ಹೊರಗಣ ಆಸ್ಪತ್ರೆಗಳಲ್ಲಿಯೂ ನಗದುರಹಿತ ಚಿಕಿತ್ಸೆ ದೊರೆಯುವುದೆಂದು ಸಾರಿತು. ಮೊದಲೇ ನಿಶ್ಚಯಿಸಿದ ಚಿಕಿತ್ಸೆಯಾದರೆ 48 ಗಂಟೆಗಳ ಮುಂಚಿತವಾಗಿಯೂ, ತುರ್ತಾದರೆ ದಾಖಲಾದ 48 ಗಂಟೆಗಳೊಳಗಾಗಿಯೂ ತಿಳಿಸತಕ್ಕದ್ದು. ಮಂಜೂರಾತಿಯು ವಿಮೆಯ ಷರತ್ತುಗಳಿಗೂ ಆಯಾ ವಿಮಾಸಂಸ್ಥೆಯ ನಿಬಂಧನೆಗಳಿಗೂ ಒಳಪಟ್ಟಿರುವುದೆಂದು ಆ ಪ್ರಕಟಣೆಯಲ್ಲಿಯೇ ಹೇಳಿದೆ.