ಗ್ರೀಕ್ ಪ್ರಹಸನದ ಪರಭಾಷೆಯೂ ಕನ್ನಡದ ಪಕಾರವೂ

ಭಾಷೆಗಳನ್ನು ಬುದ್ಧಿಪೂರ್ವಕವಾಗಿ ಕಲ್ಪಿಸುವ ಉದ್ಯಮವು ಲೋಕದಲ್ಲಿ ಹೊಸತಲ್ಲ. ಇಟಲಿಯ ಗಣಿತಜ್ಞನಾದ ಪೆಯಾನೋ 1903ರಲ್ಲಿ ಲ್ಯಾಟಿನ್ನಿನ ವಿಭಕ್ತ್ಯಾದಿ ಪ್ರತ್ಯಯಗಳನ್ನೆಲ್ಲ ಕಳಚಿ ಹೊಸದೊಂದು ಭಾಷೆಯನ್ನು ನಿರ್ಮಿಸಿದನು. ಅದರ ವ್ಯಾಕರಣವು ಕರ್ತೃವಿನ ಇಚ್ಛೆಗೆ ಅಧೀನವಾದುದರಿಂದ ಅಲ್ಲಿ ವಿವಾದಕ್ಕೆ ಎಡೆಯಿಲ್ಲ. ಅದೇ ವರ್ಷ ಪ್ರಕಟವಾದ ಆಕ್ಸಿರಿಂಕಸ್ಸಿನ 413ನೆಯ ಪಪೈರಸ್ಸಿನ ಸಂಗತಿ ಹಾಗಲ್ಲ. ಅದರೊಳಗಿನ ಪರಭಾಷಾವಾಕ್ಯಗಳು ಕಲ್ಪಿತವೋ ವಾಸ್ತವವೋ ಎಂಬುದೇ ಪ್ರಶ್ನೆ. ಆ ಪ್ರಶ್ನೆಯಲ್ಲಿ ಕನ್ನಡದ ಪ್ರಾಚೀನತೆಯೂ ಸಿಕ್ಕಿಕೊಂಡಿರುವುದು.

ಈಜಿಪ್ಟಿನಲ್ಲಿ ದೊರೆತ ಈ ಗ್ರೀಕ್ ಪ್ರಹಸನವು ಸುಮಾರು ಕ್ರಿ.ಶ. 2ನೆಯ ಶತಮಾನದ್ದೆಂದು ಎಣಿಸಲ್ಪಟ್ಟಿದೆ. ಖಾರಿಟಿಯೋನ್ ಎಂಬ ಗ್ರೀಕ್ ಕನ್ಯೆಯು ಭಾರತದ ಕಡಲತೀರದ ದೇವಾಲಯವೊಂದರಲ್ಲಿ ಸೆರೆಸಿಕ್ಕಿರಲು, ಅವಳ ಸೋದರನೂ ಸಂಗಡಿಗರೂ ಅಲ್ಲಿಯ ರಾಜನಿಗೆ ಮದ್ಯವನ್ನು ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುವರು. ಅಮಲೇರಿದ ರಾಜನೂ ಪರಿವಾರವೂ ಆಡುವ ಮಾತು ಗ್ರೀಕಲ್ಲ. ಅದು ಕನ್ನಡವೆಂದು 1904ರಲ್ಲಿ ಹುಲ್ಟ್ಜ್ ಪಂಡಿತರು ಪ್ರತಿಪಾದಿಸಿದರು. ಶಾಮಶಾಸ್ತ್ರಿಗಳು ಅದನ್ನು ಎತ್ತಿಹಿಡಿದರು. 1926ರಲ್ಲಿ ಬಾರ್ನೆಟ್ ನಿರಾಕರಿಸಿದರು.

ನಾವು ಮೊದಲು ಧ್ವನಿಯನ್ನು ಪರೀಕ್ಷಿಸೋಣ. ಗ್ರೀಕಿನ ‘ಪಾಕ್ತೇ’ ಎಂಬುದನ್ನು ‘ಹಾಕಿ’ ಎಂದು ಓದಿರುವರು. ಪದಾದಿಯ ಪಕಾರವು ಹಕಾರವಾದುದು ಸುಮಾರು 10ನೆಯ ಶತಮಾನದಿಂದೀಚೆಗೆ. ಇದಕ್ಕೆ ಸಾಕ್ಷಿಯನ್ನು ದೂರದಲ್ಲಿ ಅರಸಬೇಕಾಗಿಲ್ಲ. ನಮ್ಮ ಹೂವಿನಹಡಗಲಿಯಿಂದ ತುಂಗಭದ್ರೆಯ ಮೂಲಕ ವಿಜಯನಗರಕ್ಕೆ ಹಡಗಿನಲ್ಲಿ ಹೂ ಹೋಗುತ್ತಿದ್ದಿತೆಂದು ಊರವರು ಹೇಳುವರು. ಆ ನಿರುಕ್ತಿ ಹೇಗಾದರೂ ಇರಲಿ, ‘ಹೂ’ ಹಿಂದಿನ ‘ಪೂ’, ‘ಹಡಗು’ ಹಿಂದಿನ ‘ಪಡಗು’. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳ ‘ಹಳ್ಳಿ’ಯೂ ‘ಪಳ್ಳಿ’ಯೇ. ಸುಮಾರು 450ರ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ‘ಪಲ್ಮಿಡಿ’. ಆದುದರಿಂದ ಗ್ರೀಕಿನ ಪಕಾರವು ಹುಲ್ಟ್ಜರ ಪಕ್ಷಕ್ಕೆ ಬಾಧಕವಲ್ಲ, ಸಾಧಕವೇ. ಬಾರ್ನೆಟ್ಟರ ಪಕ್ಷವನ್ನು ಹಿಡಿಯುವವರು ಇದನ್ನು ಮರೆಯಬಾರದು.

ಆದರೆ ವ್ಯಾಕರಣವು ಅಷ್ಟು ಉದಾರವಾಗಿಲ್ಲ. ‘ಊಎನಿ’ ಎಂದು ಮುಗಿಯುವ ಒಂದು ಅಕ್ಷರಸಮೂಹವನ್ನು ‘ಎತ್ತುವೆನು’ ಎಂದು ಬಿಡಿಸಿರುವರು. ಈ ಉಕಾರಾಂತ ಉತ್ತಮಪುರುಷವು ಈಚಿನದು. ಹಳಗನ್ನಡದಲ್ಲಿ ‘ಎತ್ತುವೆಂ’ ಎಂದಿರಬೇಕು. ಹಲ್ಮಿಡಿಯಲ್ಲಿ ಕ್ರಿಯಾಪದವು ‘ಕೊಟ್ಟಾರ್’ ಎಂದು ವ್ಯಂಜನಾಂತವಾಗಿ ನಿಂತಿರುವಾಗ, ಅದಕ್ಕಿಂತ ಎರಡುಮೂರು ಶತಮಾನ ಹಿಂದಿನ ಕನ್ನಡವು ನಡುಗನ್ನಡದ ವೇಷವನ್ನು ಧರಿಸಿತೆಂದರೆ ನಂಬುವುದೆಂತು? ‘ದಮುನ್’ ಎಂಬುದನ್ನು ‘ಮಧು’ ಮಾಡಬೇಕಾದರೆ ಅಕ್ಷರಗಳನ್ನೇ ಹಿಂದುಮುಂದಾಗಿಸಬೇಕು. ಈ ಸ್ವಾತಂತ್ರ್ಯವನ್ನು ಒಮ್ಮೆ ಕೊಟ್ಟರೆ ಯಾವ ವಾಕ್ಯವನ್ನಾದರೂ ಯಾವ ಭಾಷೆಯಲ್ಲಾದರೂ ಓದಬಹುದು. ಇನ್ನೊಂದು ಮಾತು: ಈ ಓದಿನಂತೆ ರಾಜನು ಪಾನ, ಮಧು, ಪಾತ್ರ ಎಂದು ಸಂಸ್ಕೃತವನ್ನೇ ಆಡುವನು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ ಇದು ಪ್ರಿಯವಾಗಬೇಕಾದುದೇ. ಆದರೆ ಕಡಲತೀರದ ದೊರೆ ಅಮಲಿನಲ್ಲಿ ‘ಕಳ್’ ಎಂಬ ತನ್ನ ಮಾತನ್ನು ಮರೆತು ಅಮರಕೋಶವನ್ನು ನೆನೆದನೆಂಬುದು ವಿಚಿತ್ರ!

ಹಾಗೆಂದು ಎಲ್ಲವೂ ಬರಿಯ ಪ್ರಲಾಪವೆಂದೂ ನಾನು ಹೇಳಲಾರೆ. ಅರಿಸ್ಟೋಫನೀಸನು ಕ್ರಿ.ಪೂ. 425ರಲ್ಲಿಯೇ ಪಾರಸಿಕ ದೂತನ ಬಾಯಲ್ಲಿ ಅರ್ಥವಾಗದ ಮಾತನ್ನಿಟ್ಟು ನಗಿಸಿದ್ದನು. ಅಲ್ಲಿ ಅದು ಒಂದೆರಡು ಸಾಲಿನಲ್ಲಿ ಮುಗಿಯುವುದು. ಇಲ್ಲಿಯಾದರೋ ‘ಪೆಟ್ರೆಕಿಯೋ’ ಎಂಬುದು ಎರಡು ಬಾರಿ ಬರುವುದು. ಎರಡು ಸಲವೂ ಅದರ ಪಕ್ಕದಲ್ಲಿ ‘ದಮು’ ಎಂಬುದೂ, ಮುಂದೆ ‘ಪಕ್’ ಎಂದು ತೊಡಗುವ ಪದವೂ ಇರುವುವು. ಕನ್ನಡದ ಅರ್ಥವನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳದೆ, ಈ ಮೂರು ಪದಗಳ ಅನ್ವಯವನ್ನು ಮಾತ್ರ ಹಿಡಿದು ಪಾಠವನ್ನು ಮತ್ತೊಮ್ಮೆ ಶೋಧಿಸುವ ಕೆಲಸ ಉಳಿದಿದೆ.