ಮಾಕುಟ್ಟದ ಗಾಳಿಯಿಂದ ಮಂಗಳದ ಮೀಥೇನ್‌ವರೆಗೆ: ಚಳಿಯಲ್ಲಿ ಅನಿಲಗಳ ಕ್ರಿಯಾವೇಗ

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕೇರಳದ ಇರಿಟ್ಟಿಯತ್ತ ಇಳಿಯುವ ರಸ್ತೆಯಲ್ಲಿ ಗಡಿಗೆ ತಾಗಿರುವ ಊರು ಮಾಕುಟ್ಟ. ಸುತ್ತಲೂ ಬ್ರಹ್ಮಗಿರಿ ವನ್ಯಜೀವಿಧಾಮದ ನಿತ್ಯಹರಿದ್ವರ್ಣ ಕಾಡು. ಇಂಥ ಕಾಡುಗಳ ಅನೇಕ ಮರಗಳ ಎಲೆಗಳು ಹಗಲಿನಲ್ಲಿ ಐಸೊಪ್ರೀನ್ ಎಂಬ ಅನಿಲವನ್ನು ಹೊರಸೂಸುತ್ತವೆ. ಗಾಳಿಗೆ ಸೇರಿದ ಕೆಲವೇ ಗಂಟೆಗಳಲ್ಲಿ ಅದು ಇಲ್ಲವಾಗುತ್ತದೆ. ಗದ್ದೆಯ ಕೆಸರಿನಿಂದ, ದನಗಳ ಹೊಟ್ಟೆಯಿಂದ ಹೊರಡುವ ಮೀಥೇನ್ ಮಾತ್ರ ಹೆಚ್ಚುಕಡಿಮೆ ಹತ್ತು ವರ್ಷ ಉಳಿಯುತ್ತದೆ. ಎರಡನ್ನೂ ಮುಖ್ಯವಾಗಿ ನಾಶಪಡಿಸುವುದು ಒಂದೇ ಕಣ: ಒಂದು ಆಮ್ಲಜನಕ, ಒಂದು ಜಲಜನಕ ಪರಮಾಣು ಸೇರಿದ ಹೈಡ್ರಾಕ್ಸಿಲ್.

ಈ ಅಂತರಕ್ಕೆ ಕಾರಣ ಘಾಟಿ ರಸ್ತೆ ಬಲ್ಲವರಿಗೆ ಸುಲಭವಾಗಿ ತಿಳಿಯುತ್ತದೆ. ಮೀಥೇನಿನಿಂದ ಜಲಜನಕವನ್ನು ಕಿತ್ತುಕೊಳ್ಳಲು ಹೈಡ್ರಾಕ್ಸಿಲ್ ಶಕ್ತಿಯ ಒಂದು ಏರನ್ನು ಹತ್ತಬೇಕು. ಶಾಖ ಕಡಿಮೆಯಾದರೆ ಏರು ಹತ್ತಬಲ್ಲ ಅಣುಗಳೂ ವಿರಳವಾಗುತ್ತವೆ. ಸ್ವೀಡನ್ನಿನ ಅರೇನಿಯಸ್ 1889ರಲ್ಲಿ ಸೂತ್ರೀಕರಿಸಿದ ನಿಯಮವಿದು. ಪುಷ್ಯದ ಚಳಿಯಲ್ಲಿ ಹಾಲು ತಡವಾಗಿ ಹೆಪ್ಪುಗಟ್ಟುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅಚ್ಚರಿಯಿರುವುದು ಐಸೊಪ್ರೀನಿನಲ್ಲಿ. ಅಲ್ಲಿ ಏರೇ ಇಲ್ಲ; ಅಣುಗಳು ಪರಸ್ಪರ ಸೆಳೆದುಕೊಳ್ಳುತ್ತವೆ, ತಣ್ಣಗಾದಷ್ಟೂ ಹೆಚ್ಚು ಹೊತ್ತು ಜೊತೆಗಿರುತ್ತವೆ. ಆದ್ದರಿಂದ ಚಳಿಯಲ್ಲಿ ಕ್ರಿಯೆ ತುಸು ವೇಗಗೊಳ್ಳುತ್ತದೆ!

ಭೂಮಿಯಾಚೆಯ ಚಳಿಯನ್ನು ಪ್ರಯೋಗಾಲಯದಲ್ಲಿ ತರುವುದು ಸುಲಭವಲ್ಲ. ಪಾತ್ರೆಯನ್ನು ತಣಿಸಿದರೆ ಅನಿಲ ಅದರ ಗೋಡೆಗೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. 1980ರ ದಶಕದಲ್ಲಿ ಫ್ರಾನ್ಸಿನ ಬರ್ಟ್ರಾಂಡ್ ರೋವ್ ಮತ್ತು ಸಂಗಡಿಗರು ಗೋಡೆಯನ್ನೇ ಬಿಟ್ಟರು. ವಿಶೇಷ ಆಕಾರದ ಮೂತಿಯಿಂದ ಅನಿಲವನ್ನು ಶಬ್ದಾತೀತ ವೇಗದಲ್ಲಿ ಹಿಗ್ಗಲು ಬಿಟ್ಟಾಗ ಅದು ತಾನಾಗಿಯೇ ತಣಿಯುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ಇಯಾನ್ ಸ್ಮಿತ್, ಇಯಾನ್ ಸಿಮ್ಸ್ ಅವರು ರೋವ್ ತಂಡದೊಡನೆ ಸೇರಿ ಸಯನೈಡ್ ಕಣದ ಹಲವು ಕ್ರಿಯೆಗಳು ಚಳಿ ಹೆಚ್ಚಿದಂತೆ ಚುರುಕಾಗುವುದನ್ನು ಅಳೆದರು. ಶನಿಯ ಉಪಗ್ರಹ ಟೈಟನ್‌ನ ಕಿತ್ತಳೆ ಮಬ್ಬು ಹುಟ್ಟುವ ಬಗೆಯನ್ನು ಲೆಕ್ಕಹಾಕಲು ಇಂಥ ಅಂಕಿಗಳೇ ಆಧಾರ. 2005ರ ಜನವರಿ 14ರಂದು ಹೈಗೆನ್ಸ್ ನೌಕೆ ಇಳಿದ ಆ ನೆಲದ ಉಷ್ಣತೆ ಸುಮಾರು ಮೈನಸ್ 179 ಡಿಗ್ರಿ ಸೆಲ್ಸಿಯಸ್.

ಏರಿದ್ದರೂ ಕ್ರಿಯೆ ನಿಲ್ಲದ ಉದಾಹರಣೆಯೂ ಉಂಟು. ಹೈಡ್ರಾಕ್ಸಿಲ್ ಮತ್ತು ಮೆಥನಾಲ್ ನಡುವಿನ ಕ್ರಿಯೆ 200 ಕೆಲ್ವಿನ್‌ನಲ್ಲಿರುವುದಕ್ಕಿಂತ 63 ಕೆಲ್ವಿನ್‌ನಲ್ಲಿ ಸುಮಾರು ನೂರು ಪಟ್ಟು ವೇಗವಾಗಿದೆಯೆಂದು ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿತು. ಜಲಜನಕ ಪರಮಾಣು ಏರನ್ನು ಹತ್ತದೆ, ಕ್ವಾಂಟಂ ನಿಯಮದಂತೆ ಸುರಂಗ ಕೊರೆದು ಹಾಯುತ್ತದೆ ಎಂಬುದು ಅವರ ವಿವರಣೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಅಲ್ಲಿ ಪ್ರೊ. ಇ. ಅರುಣನ್, ಪ್ರೊ. ಕೆ.ಪಿ.ಜೆ. ರೆಡ್ಡಿ ಮೊದಲಾದವರು ಆಘಾತ ನಳಿಕೆಯಲ್ಲಿ ಅನಿಲವನ್ನು ಕ್ಷಣಮಾತ್ರದಲ್ಲಿ ಕಾಯಿಸಿ ಕ್ರಿಯಾವೇಗ ಅಳೆದಿದ್ದಾರೆ. ಅಧಿಕ ಉಷ್ಣತೆಯಲ್ಲಿ ಸಿಕ್ಕ ಅಂಕಿಯನ್ನು ಹಾಗೆಯೇ ಚಳಿಗೆ ಎಳೆದು ಅಂದಾಜಿಸುವುದು ಎಷ್ಟು ಅಪಾಯಕಾರಿ ಎಂಬುದನ್ನು ಮೆಥನಾಲ್ ತೋರಿಸಿದೆ.

ಮಂಗಳದ ವಿಷಯದಲ್ಲಿ ಈ ಲೆಕ್ಕ ಜೀವದ ಪ್ರಶ್ನೆಗೇ ಮುಟ್ಟುತ್ತದೆ. ಮೀಥೇನನ್ನು ಸೂಕ್ಷ್ಮಜೀವಿಗಳೂ ಉಂಟುಮಾಡಬಲ್ಲವು, ಶಿಲೆ ಮತ್ತು ನೀರಿನ ಕ್ರಿಯೆಯೂ ಉಂಟುಮಾಡಬಲ್ಲದು. ಇಸ್ರೋದ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದಾಗ ಅದರಲ್ಲಿ ಮೀಥೇನ್ ಶೋಧಕವೂ ಇತ್ತು. 2022ರಲ್ಲಿ ನೌಕೆಯ ಸಂಪರ್ಕ ಕಡಿದುಹೋಯಿತು. ಮೈನಸ್ 60 ಡಿಗ್ರಿಯಲ್ಲಿ ಹೈಡ್ರಾಕ್ಸಿಲ್ ಮೀಥೇನನ್ನು ನಾಶಪಡಿಸುವ ವೇಗ ನಮ್ಮ 25 ಡಿಗ್ರಿಗಿಂತ ಹತ್ತು ಪಟ್ಟು ಕಡಿಮೆ. ಎಲ್ಲ ಕ್ರಿಯೆಗಳನ್ನೂ ಕೂಡಿಸಿದರೆ ಅಲ್ಲಿ ಮೀಥೇನಿನ ಆಯುಷ್ಯ ಸುಮಾರು 300 ವರ್ಷವೆಂದು ಅಂದಾಜು. ಆದರೆ ಅಮೆರಿಕದ ಕ್ಯೂರಿಯಾಸಿಟಿ ನೆಲದ ಬಳಿ ಕಂಡ ಮೀಥೇನ್ ಋತುವಿನಿಂದ ಋತುವಿಗೆ ಏರಿಳಿಯಿತು. ಯುರೋಪಿನ ಕಕ್ಷಾನೌಕೆ 2019ರಲ್ಲಿ ವರದಿ ಮಾಡಿದಂತೆ ಮೇಲಿನ ಗಾಳಿಯಲ್ಲಿ ಅದು ಸಿಗಲೇ ಇಲ್ಲ. ಎರಡೂ ಅಳತೆ ನಿಜವಾದರೆ, ಈವರೆಗೆ ಅರಿತಿರದ ಯಾವುದೋ ಕ್ರಿಯೆ ನೆಲದ ಬಳಿಯೇ ಮೀಥೇನನ್ನು ಬೇಗ ತೆಗೆದುಹಾಕುತ್ತಿರಬೇಕು.